ಲಘು ಪಿಕಪ್ ಟ್ರಕ್‌ನ ಹಿಮನೇಗಿಲು

ಹಿಮನೇಗಿಲು ಅಥವಾ ಸ್ನೋ ಪ್ಲೌ ಎಂಬುದು ರಸ್ತೆ, ಅಂಗಳ ಮತ್ತು ವಾಹನ ನಿಲುಗಡೆಯ ಸ್ಥಳಗಳಲ್ಲಿ ಬಿದ್ದ ಹಿಮವನ್ನು ಪಕ್ಕಕ್ಕೆ ತಳ್ಳಲು ವಾಹನದ ಮುಂಭಾಗಕ್ಕೆ ಜೋಡಿಸುವ ಅಲಗಿನ ಸಾಧನವಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ರಾಜ್ಯಗಳಲ್ಲಿ ಮತ್ತು ಕೆನಡಾದಲ್ಲಿ ಮನೆಗಳ, ಅಂಗಡಿಗಳ ಹಾಗೂ ಸಣ್ಣ ಸಂಸ್ಥೆಗಳ ಆವರಣವನ್ನು ತೆರವುಗೊಳಿಸಲು ಪಿಕಪ್ ಟ್ರಕ್‌ಗೆ ಇಂತಹ ನೇಗಿಲನ್ನು ಜೋಡಿಸುವ ರೂಢಿ ವ್ಯಾಪಕವಾಗಿದೆ. ಹೆಸರಿನಲ್ಲಿ ನೇಗಿಲಿದ್ದರೂ ಇದು ನೆಲವನ್ನು ಸೀಳುವುದಿಲ್ಲ. ಕೆಲಸದಲ್ಲಿ ಇದು ಗದ್ದೆಯ ಮಣ್ಣನ್ನು ಮಟ್ಟ ಮಾಡುವ ಹಲಗೆಗೆ ಹೆಚ್ಚು ಹತ್ತಿರವಾಗಿದೆ.

ಲಘು ಪಿಕಪ್ ಟ್ರಕ್‌ಗೆ ಹಿಮನೇಗಿಲನ್ನು ಆಯ್ಕೆ ಮಾಡುವಾಗ ಅಲಗಿನ ಅಗಲ, ಆಕಾರ, ಲೋಹ ಮತ್ತು ಬೆಲೆ ಪರಿಗಣನೆಗೆ ಬರುತ್ತವೆ. ಆದರೆ ಇವೆಲ್ಲಕ್ಕೂ ಮೊದಲು ನಿರ್ಧಾರವಾಗಬೇಕಾದುದು ವಾಹನದ ಮುಂದಿನ ಆಕ್ಸಲ್ ಎಷ್ಟು ಹೆಚ್ಚುವರಿ ಭಾರವನ್ನು ತಾಳಬಲ್ಲದು ಎಂಬುದು. ಎಂಜಿನ್ನಿನ ಶಕ್ತಿ ಸಾಕಷ್ಟಿದ್ದರೂ ಆಕ್ಸಲ್‌ನ ಮಿತಿ ಮೀರಿದರೆ ಚಾಲನೆ ಮತ್ತು ಬ್ರೇಕ್‌ಗಳ ಮೇಲಿನ ಹಿಡಿತ ಕುಂದುತ್ತದೆ.

ಇತಿಹಾಸ

ಕುದುರೆಗಳು ಎಳೆಯುವ ಹಿಮನೇಗಿಲುಗಳು 19ನೆಯ ಶತಮಾನದ ಮಧ್ಯಭಾಗದಲ್ಲಿ ಬಳಕೆಗೆ ಬಂದವು. 1862ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದಲ್ಲಿ ಇಂತಹ ನೇಗಿಲನ್ನು ಬೀದಿಗಳ ತೆರವಿಗೆ ಬಳಸಲಾಯಿತು. 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಮೋಟಾರು ವಾಹನಗಳು ಹೆಚ್ಚಿದಂತೆ ಹಿಮದ ಮೇಲೆ ಜಾರುಗಾಡಿಗಳು ಓಡಿದರೆ ಸಾಲದೆ, ರಸ್ತೆಯ ಮೈ ಕಾಣುವಷ್ಟು ತೆರವು ಮಾಡುವುದು ಅಗತ್ಯವಾಯಿತು. ಆಗ ಟ್ರಕ್ ಮತ್ತು ಟ್ರ್ಯಾಕ್ಟರ್‌ಗಳಿಗೆ ಅಲಗುಗಳನ್ನು ಜೋಡಿಸುವ ಕ್ರಮ ಬೆಳೆಯಿತು.

1926ರಲ್ಲಿ ಆರಂಭವಾದ, ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನ ಮೇಯರ್ ಕಂಪನಿಯು ಈ ಕ್ಷೇತ್ರದ ಹಳೆಯ ತಯಾರಕರಲ್ಲಿ ಒಂದು. ಎರಡನೆಯ ಮಹಾಯುದ್ಧದ ಬಳಿಕ ನಾಗರಿಕ ಬಳಕೆಗೆ ಬಂದ ನಾಲ್ಕು ಚಕ್ರ ಚಾಲನೆಯ ಜೀಪ್‌ಗಳು ಸಣ್ಣ ಹಿಮನೇಗಿಲಿಗೆ ಅನುಕೂಲವಾದ ವಾಹನಗಳಾದವು. ಮೇಯ್ನ್ ರಾಜ್ಯದ ಫಿಶರ್ ಮತ್ತು ಮಿಲ್ವಾಕಿಯ ವೆಸ್ಟರ್ನ್ ಕಂಪನಿಗಳು ಆ ಕಾಲಘಟ್ಟದಲ್ಲಿ ರೂಪುಗೊಂಡವು. ಮಿಶಿಗನ್ ರಾಜ್ಯದ ಬಾಸ್ ಕಂಪನಿಯು 1980ರ ದಶಕದಿಂದ ಪಿಕಪ್ ಟ್ರಕ್‌ಗಳಿಗಾಗಿ ವಿ ಆಕಾರದ ನೇಗಿಲುಗಳನ್ನು ತಯಾರಿಸುತ್ತಿದೆ.

ರಚನೆ

ಪಿಕಪ್ ಟ್ರಕ್‌ನ ಹಿಮನೇಗಿಲಿನಲ್ಲಿ ಸಾಮಾನ್ಯವಾಗಿ ಈ ಕೆಳಗಿನ ಭಾಗಗಳಿರುತ್ತವೆ:

• ಅಲಗು: ಹಿಮವನ್ನು ತಳ್ಳುವ ಬಾಗಿದ ಹಲಗೆ. ಈ ಬಾಗಿನಿಂದಾಗಿ ಹಿಮವು ಅಲಗಿನ ಮುಂದೆ ಸುರುಳಿಯಾಗಿ ಉರುಳುತ್ತದೆ, ಮೇಲಿನ ಅಂಚನ್ನು ದಾಟಿ ಗಾಜಿನ ಮೇಲೆ ಹಾರುವುದು ಕಡಿಮೆಯಾಗುತ್ತದೆ.
• ಅಂಚುಪಟ್ಟಿ: ಅಲಗಿನ ತಳದಲ್ಲಿ ಬೋಲ್ಟುಗಳಿಂದ ಬಿಗಿದ ಪಟ್ಟಿ. ನೆಲವನ್ನು ಕೆರೆಯುವುದು ಇದೇ ಆದ್ದರಿಂದ ಸವೆದಾಗ ಬದಲಾಯಿಸುವಂತೆ ರಚಿಸಲಾಗಿರುತ್ತದೆ.
• ಚೌಕಟ್ಟು: ಅಲಗನ್ನು ವಾಹನಕ್ಕೆ ಸೇರಿಸುವ ತ್ರಿಕೋನಾಕಾರದ ಉಕ್ಕಿನ ರಚನೆ.
• ಆಧಾರ: ಟ್ರಕ್‌ನ ಚಾಸಿಗೆ ಕಾಯಂ ಆಗಿ ಬಿಗಿಯುವ ಭಾಗ. ಇದು ಟ್ರಕ್‌ನ ಮಾದರಿ ಮತ್ತು ವರ್ಷಕ್ಕೆ ತಕ್ಕಂತೆ ಬೇರೆಬೇರೆಯಾಗಿರುತ್ತದೆ.
• ಹೈಡ್ರಾಲಿಕ್ ಪಂಪು ಮತ್ತು ಸಿಲಿಂಡರುಗಳು: ಅಲಗನ್ನು ಎತ್ತಲು, ಇಳಿಸಲು ಮತ್ತು ಎಡಬಲಕ್ಕೆ ಓರೆಯಾಗಿಸಲು ನೆರವಾಗುತ್ತವೆ. ಪಂಪು ಟ್ರಕ್‌ನ ಬ್ಯಾಟರಿಯಿಂದ ನಡೆಯುತ್ತದೆ.
• ದೀಪಗಳು: ಎತ್ತಿದ ಅಲಗು ಟ್ರಕ್‌ನ ಹೆಡ್‌ಲೈಟುಗಳಿಗೆ ಅಡ್ಡ ಬರುವುದರಿಂದ ನೇಗಿಲಿನ ಚೌಕಟ್ಟಿನ ಮೇಲೆ ಪ್ರತ್ಯೇಕ ದೀಪಗಳನ್ನು ಅಳವಡಿಸಲಾಗುತ್ತದೆ.

ಲಘು ವರ್ಗದ ವಾಹನಗಳು

ಅಮೆರಿಕದ ಫೆಡರಲ್ ಹೈವೇ ಅಡ್ಮಿನಿಸ್ಟ್ರೇಷನ್‌ನ ವರ್ಗೀಕರಣದ ಪ್ರಕಾರ ಗರಿಷ್ಠ ಅನುಮತ ಒಟ್ಟು ತೂಕ 10,000 ಪೌಂಡ್, ಅಂದರೆ ಸುಮಾರು 4,536 ಕಿ.ಗ್ರಾಂ. ಮೀರದ ವಾಹನಗಳು ಲಘು ವರ್ಗಕ್ಕೆ ಸೇರುತ್ತವೆ. ಮಾರುಕಟ್ಟೆಯಲ್ಲಿ 'ಅರ್ಧ ಟನ್' ಎಂದು ಕರೆಯಲಾಗುವ ಫೋರ್ಡ್ ಎಫ್-150, ಷೆವರ್ಲೆ ಸಿಲ್ವರಾಡೊ 1500, ರಾಮ್ 1500 ಮುಂತಾದವು ಈ ವರ್ಗದ ಪರಿಚಿತ ಟ್ರಕ್‌ಗಳು. ಟೊಯೊಟಾ ಟಕೋಮಾದಂತಹ ಮಧ್ಯಮ ಗಾತ್ರದವು ಇವುಗಳಿಗಿಂತ ಚಿಕ್ಕವು. 'ಅರ್ಧ ಟನ್' ಎಂಬುದು ಹಿಂದೆ ಹೊರೆಯ ಸಾಮರ್ಥ್ಯವನ್ನು ಸೂಚಿಸುತ್ತಿದ್ದ ಹೆಸರು. ಇಂದಿನ ಟ್ರಕ್‌ಗಳ ನಿಜವಾದ ಸಾಮರ್ಥ್ಯವನ್ನು ಅದರಿಂದ ತಿಳಿಯಲಾಗುವುದಿಲ್ಲ.

ಒಂದೇ ಹೆಸರಿನ ಎರಡು ಟ್ರಕ್‌ಗಳ ಸಾಮರ್ಥ್ಯವೂ ಒಂದೇ ಆಗಿರಬೇಕೆಂದಿಲ್ಲ. ನಾಲ್ಕು ಬಾಗಿಲಿನ ದೊಡ್ಡ ಕ್ಯಾಬಿನ್, ಭಾರವಾದ ಎಂಜಿನ್ ಮತ್ತು ಐಷಾರಾಮಿ ಸಲಕರಣೆಗಳು ಮುಂದಿನ ಆಕ್ಸಲ್‌ನ ಉಳಿಕೆ ಸಾಮರ್ಥ್ಯವನ್ನು ತಿಂದುಹಾಕುತ್ತವೆ. ಆದ್ದರಿಂದ ಬೆಲೆ ಕಡಿಮೆಯ, ಎರಡು ಬಾಗಿಲಿನ ಸಾದಾ ಟ್ರಕ್ ಹಲವು ವೇಳೆ ನೇಗಿಲನ್ನು ಹೊರಲು ಹೆಚ್ಚು ಯೋಗ್ಯವಾಗಿರುತ್ತದೆ.

ಆಕ್ಸಲ್‌ನ ಭಾರಮಿತಿ

ಅಮೆರಿಕದಲ್ಲಿ ಮಾರಾಟವಾಗುವ ಟ್ರಕ್‌ಗಳಲ್ಲಿ ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನ ಬಳಿ ಒಂದು ಪ್ರಮಾಣೀಕರಣ ಚೀಟಿ ಅಂಟಿಸಿರುತ್ತದೆ. ಅದರಲ್ಲಿ ವಾಹನದ ಗರಿಷ್ಠ ಅನುಮತ ಒಟ್ಟು ತೂಕ ಮತ್ತು ಪ್ರತಿ ಆಕ್ಸಲ್‌ನ ಗರಿಷ್ಠ ಅನುಮತ ಭಾರ ನಮೂದಾಗಿರುತ್ತವೆ. ಇವುಗಳನ್ನು ಕ್ರಮವಾಗಿ ಜಿ.ವಿ.ಡಬ್ಲ್ಯು.ಆರ್. ಮತ್ತು ಜಿ.ಎ.ಡಬ್ಲ್ಯು.ಆರ್. ಎಂಬ ಸಂಕ್ಷೇಪಗಳಿಂದ ಗುರುತಿಸಲಾಗುತ್ತದೆ. ನೇಗಿಲು, ಚಾಲಕ, ಸಹಪ್ರಯಾಣಿಕ, ಇಂಧನ ಮತ್ತು ಹಿಂಬದಿಯ ಹೊರೆ ಎಲ್ಲವೂ ಸೇರಿದ ಮೇಲೂ ಈ ಎರಡು ಮಿತಿಗಳಲ್ಲಿ ಯಾವುದೂ ಮೀರಬಾರದು.

ನೇಗಿಲಿನ ತೂಕವನ್ನಷ್ಟೇ ಮುಂದಿನ ಆಕ್ಸಲ್‌ನ ಲೆಕ್ಕಕ್ಕೆ ಸೇರಿಸಿದರೆ ಸಾಲದು. ನೇಗಿಲು ಮುಂದಿನ ಚಕ್ರಗಳಿಗಿಂತಲೂ ಮುಂದೆ ಚಾಚಿಕೊಂಡಿರುವುದರಿಂದ ಅದು ಸನ್ನೆಯಂತೆ ವರ್ತಿಸುತ್ತದೆ: ಮುಂಭಾಗವನ್ನು ಕೆಳಕ್ಕೆ ಒತ್ತಿ, ಹಿಂಭಾಗವನ್ನು ಮೇಲಕ್ಕೆ ಎತ್ತುತ್ತದೆ. ಉದಾಹರಣೆಗೆ, ಟ್ರಕ್‌ನ ಎರಡು ಆಕ್ಸಲ್‌ಗಳ ನಡುವಿನ ಅಂತರ 3.7 ಮೀ., ನೇಗಿಲಿನ ತೂಕ 200 ಕಿ.ಗ್ರಾಂ. ಮತ್ತು ಅದರ ಗುರುತ್ವ ಕೇಂದ್ರ ಮುಂದಿನ ಆಕ್ಸಲ್‌ಗಿಂತ 1.5 ಮೀ. ಮುಂದೆ ಇದೆ ಎಂದುಕೊಂಡರೆ:

• ಮುಂದಿನ ಆಕ್ಸಲ್ ಮೇಲೆ ಹೆಚ್ಚುವ ಭಾರ: 200 × (3.7 + 1.5) ÷ 3.7 = ಸುಮಾರು 281 ಕಿ.ಗ್ರಾಂ.
• ಹಿಂದಿನ ಆಕ್ಸಲ್ ಮೇಲೆ ಕಡಿಮೆಯಾಗುವ ಭಾರ: 281 − 200 = ಸುಮಾರು 81 ಕಿ.ಗ್ರಾಂ.

ಹೀಗೆ 200 ಕಿ.ಗ್ರಾಂ. ತೂಕದ ನೇಗಿಲು ಮುಂದಿನ ಆಕ್ಸಲ್‌ಗೆ 281 ಕಿ.ಗ್ರಾಂ. ಆಗಿ ತೋರುತ್ತದೆ. ಅಲಗು ನೆಲದ ಮೇಲಿರುವಾಗ ಅದರ ತೂಕದ ಬಹುಪಾಲನ್ನು ನೆಲವೇ ಹೊರುತ್ತದೆ. ಅಲಗನ್ನು ಎತ್ತಿದಾಗ ಪೂರ್ಣ ಭಾರ ಆಕ್ಸಲ್ ಮೇಲೆ ಬೀಳುತ್ತದೆ. ಹಿಮವನ್ನು ತಳ್ಳುವ ಹೊತ್ತಿಗಿಂತ ಒಂದು ಸ್ಥಳದಿಂದ ಇನ್ನೊಂದಕ್ಕೆ ಹೆದ್ದಾರಿಯಲ್ಲಿ ಸಾಗುವ ಹೊತ್ತಿನಲ್ಲೇ ಈ ಭಾರದ ಅಪಾಯ ಹೆಚ್ಚು. ಮಿತಿ ಮೀರಿದ ಭಾರದಿಂದ ಮುಂದಿನ ಸ್ಪ್ರಿಂಗ್‌ಗಳು, ಬಾಲ್ ಜಾಯಿಂಟುಗಳು ಮತ್ತು ಟೈರುಗಳು ಬೇಗ ಸವೆಯುತ್ತವೆ. ಹಗುರವಾದ ಹಿಂದಿನ ಚಕ್ರಗಳು ಮಂಜುಗಟ್ಟಿದ ರಸ್ತೆಯಲ್ಲಿ ಹಿಡಿತ ಕಳೆದುಕೊಳ್ಳುತ್ತವೆ ಮತ್ತು ವಾಹನ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ.

ಪ್ರತಿಭಾರ

ಹಿಂದಿನ ಆಕ್ಸಲ್‌ನ ಕೊರತೆಯನ್ನು ತುಂಬಲು ಟ್ರಕ್‌ನ ತೊಟ್ಟಿಯಲ್ಲಿ ಇರಿಸುವ ತೂಕವೇ ಪ್ರತಿಭಾರ. ಮರಳಿನ ಚೀಲಗಳನ್ನು ಇದಕ್ಕೆ ಬಳಸುವುದು ಸಾಮಾನ್ಯ. ಇದನ್ನು ಹಿಂದಿನ ಆಕ್ಸಲ್‌ಗಿಂತ ಹಿಂದೆ ಇರಿಸಿದಾಗ ಮಾತ್ರ ಮುಂದಿನ ಆಕ್ಸಲ್‌ನ ಭಾರವೂ ಇಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ 120 ಕಿ.ಗ್ರಾಂ. ಮರಳನ್ನು ಹಿಂದಿನ ಆಕ್ಸಲ್‌ಗಿಂತ 0.7 ಮೀ. ಹಿಂದೆ ಇರಿಸಿದರೆ ಮುಂದಿನ ಆಕ್ಸಲ್ ಮೇಲಿನ ಭಾರ ಸುಮಾರು 23 ಕಿ.ಗ್ರಾಂ. ಕಡಿಮೆಯಾಗುತ್ತದೆ, ಹಿಂದಿನ ಆಕ್ಸಲ್ ಸುಮಾರು 143 ಕಿ.ಗ್ರಾಂ. ಪಡೆಯುತ್ತದೆ. ಕ್ಯಾಬಿನ್ನಿನ ಬೆನ್ನಿಗೆ ತಾಗಿಸಿ ಇಟ್ಟ ಚೀಲಗಳಿಂದ ಈ ಪ್ರಯೋಜನ ದೊರೆಯದು. ಅಲ್ಲಿಟ್ಟ ತೂಕದ ಒಂದು ಪಾಲು ಮುಂದಿನ ಆಕ್ಸಲ್‌ಗೇ ಸೇರುತ್ತದೆ.

ಪ್ರತಿಭಾರ ಒಟ್ಟು ತೂಕವನ್ನು ಹೆಚ್ಚಿಸುವುದರಿಂದ ಅದನ್ನು ಮನಬಂದಂತೆ ಏರಿಸಲಾಗದು. ಜೊತೆಗೆ, ದಿಢೀರನೆ ಬ್ರೇಕ್ ಹಾಕಿದಾಗ ಮುಂದಕ್ಕೆ ಜಾರದಂತೆ ಅದನ್ನು ಭದ್ರಪಡಿಸಬೇಕು. ಎಲ್ಲವನ್ನೂ ಜೋಡಿಸಿದ ಬಳಿಕ ವೇಬ್ರಿಡ್ಜ್‌ನಲ್ಲಿ ಒಂದೊಂದು ಆಕ್ಸಲ್ ಅನ್ನೂ ಪ್ರತ್ಯೇಕವಾಗಿ ತೂಗಿ ನೋಡುವುದು ಲೆಕ್ಕವನ್ನು ಖಚಿತಪಡಿಸಿಕೊಳ್ಳುವ ಸರಳ ವಿಧಾನ.

ಸಸ್ಪೆನ್ಷನ್‌ಗೆ ಹೆಚ್ಚುವರಿ ಸ್ಪ್ರಿಂಗ್ ಅಥವಾ ಗಾಳಿಚೀಲಗಳನ್ನು ಅಳವಡಿಸಿದರೆ ಟ್ರಕ್‌ನ ಮುಂಭಾಗ ಕುಸಿಯುವುದು ನಿಲ್ಲುತ್ತದೆ; ಆದರೆ ಚೀಟಿಯಲ್ಲಿ ನಮೂದಾದ ಭಾರಮಿತಿ ಅದರಿಂದ ಹೆಚ್ಚುವುದಿಲ್ಲ. ಆಕ್ಸಲ್, ಬೇರಿಂಗ್, ಬ್ರೇಕ್ ಮತ್ತು ಟೈರುಗಳು ಮೊದಲಿನವೇ ಆಗಿರುತ್ತವೆ.

ಅಲಗಿನ ವಿಧಗಳು

ನೇರ ಅಲಗು: ಒಂದೇ ತುಂಡಾದ, ಎಡಕ್ಕೂ ಬಲಕ್ಕೂ ಓರೆಯಾಗಬಲ್ಲ ಅಲಗು. ಚಲಿಸುವ ಭಾಗಗಳು ಕಡಿಮೆ, ದುರಸ್ತಿ ಸುಲಭ, ತೂಕವೂ ಕಡಿಮೆ. ಲಘು ಟ್ರಕ್‌ಗಳಿಗಾಗಿಯೇ ತಯಾರಾಗುವ ನೇಗಿಲುಗಳಲ್ಲಿ ಇದೇ ಹೆಚ್ಚು ಪ್ರಚಲಿತ.

ವಿ ಅಲಗು: ನಡುವೆ ಕೀಲಿರುವ ಎರಡು ರೆಕ್ಕೆಗಳ ಅಲಗು. ರೆಕ್ಕೆಗಳನ್ನು ಹಿಂದಕ್ಕೆ ಮಡಿಸಿದಾಗ ಮೂತಿ ಚೂಪಾಗಿ ಗಟ್ಟಿಯಾದ ಹಿಮರಾಶಿಯನ್ನು ಸೀಳುತ್ತದೆ. ಮುಂದಕ್ಕೆ ಮಡಿಸಿದಾಗ ಮೊರದಂತೆ ಹಿಮವನ್ನು ತುಂಬಿಕೊಂಡು ಸಾಗಿಸುತ್ತದೆ. ಕೆಲಸದ ವೇಗ ಹೆಚ್ಚಾದರೂ ತೂಕ ಮತ್ತು ಬೆಲೆ ಎರಡೂ ಏರುತ್ತವೆ. ದೊಡ್ಡ ಟ್ರಕ್‌ಗಳಿಗಾಗಿ ತಯಾರಾದ ವಿ ಅಲಗುಗಳು ಅರ್ಧ ಟನ್ ವರ್ಗಕ್ಕೆ ಸಾಮಾನ್ಯವಾಗಿ ಹೊರಲಾಗದ ಹೊರೆ. ಹಗುರ ಮಾದರಿಗಳನ್ನು ಮಾತ್ರ ಪರಿಶೀಲಿಸಬಹುದು.

ಚಾಚು ರೆಕ್ಕೆಯ ಅಲಗು: ಎರಡು ತುದಿಗಳಲ್ಲಿ ಚಾಚಿಕೊಳ್ಳುವ ರೆಕ್ಕೆಗಳಿರುವ ಅಲಗು. ವಿಶಾಲ ನಿಲುಗಡೆ ಸ್ಥಳಗಳಿಗೆ ಉಪಯುಕ್ತ, ಆದರೆ ಇದು ಮುಖ್ಯವಾಗಿ ಭಾರಿ ಟ್ರಕ್‌ಗಳ ಸಾಧನ.

ಮನೆಬಳಕೆಯ ಅಲಗು: ಸ್ವಂತ ಅಂಗಳದ ತೆರವಿಗಷ್ಟೇ ಉದ್ದೇಶಿಸಿದ ಹಗುರ ಅಲಗು. ಕೆಲವು ಮಾದರಿಗಳಲ್ಲಿ ಹೈಡ್ರಾಲಿಕ್ ವ್ಯವಸ್ಥೆಯ ಬದಲು ವಿದ್ಯುತ್ ವಿಂಚ್ ಅಲಗನ್ನು ಎತ್ತುತ್ತದೆ. ಓರೆಯನ್ನು ಕೆಳಗಿಳಿದು ಕೈಯಿಂದ ಬದಲಾಯಿಸಬೇಕಾಗಬಹುದು. ಹಗುರ ಅಲಗಿನ ಮಿತಿಯೆಂದರೆ ಚಕ್ರಗಳ ತುಳಿತಕ್ಕೆ ಗಟ್ಟಿಯಾದ ಹಿಮದ ಮೇಲೆ ಅದು ಕೆರೆಯದೆ ತೇಲಿಹೋಗುತ್ತದೆ. ಇದನ್ನು ನಿವಾರಿಸಲು ಕೆಲವು ನೇಗಿಲುಗಳಲ್ಲಿ ಅಲಗನ್ನು ಹೈಡ್ರಾಲಿಕ್ ಒತ್ತಡದಿಂದ ಕೆಳಕ್ಕೆ ಅದುಮುವ ವ್ಯವಸ್ಥೆ ಇರುತ್ತದೆ.

ಅಲಗಿನ ಅಗಲ

ಅಲಗನ್ನು ಓರೆಯಾಗಿಸಿದಾಗ ಅದು ತೆರವು ಮಾಡುವ ದಾರಿ ಕಿರಿದಾಗುತ್ತದೆ. 30 ಡಿಗ್ರಿ ಓರೆಯಲ್ಲಿ ಅಗಲದ ಸುಮಾರು 87 ಶೇಕಡ ಮಾತ್ರ ಉಳಿಯುತ್ತದೆ:

• 7 ಅಡಿ (2.13 ಮೀ.) ಅಲಗು: ತೆರವಾಗುವ ದಾರಿ ಸುಮಾರು 1.85 ಮೀ.
• 7.5 ಅಡಿ (2.29 ಮೀ.) ಅಲಗು: ಸುಮಾರು 1.98 ಮೀ.
• 8 ಅಡಿ (2.44 ಮೀ.) ಅಲಗು: ಸುಮಾರು 2.11 ಮೀ.

ಪೂರ್ಣ ಗಾತ್ರದ ಪಿಕಪ್ ಟ್ರಕ್‌ನ ಮೈಯಗಲ ಸುಮಾರು 2 ಮೀ. ಇರುತ್ತದೆ. ಓರೆಯಾದ ಅಲಗು ಕನಿಷ್ಠ ಎರಡು ಬದಿಯ ಚಕ್ರಗಳ ಹೊರ ಅಂಚಿನಷ್ಟು ದಾರಿಯನ್ನಾದರೂ ತೆರವು ಮಾಡದಿದ್ದರೆ ಚಕ್ರಗಳು ತೆರವಾಗದ ಹಿಮವನ್ನು ತುಳಿದು ಗಟ್ಟಿಗೊಳಿಸುತ್ತವೆ. ಈ ಕಾರಣದಿಂದ ಅರ್ಧ ಟನ್ ಟ್ರಕ್‌ಗಳಿಗೆ 7ರಿಂದ 7.5 ಅಡಿಯ ಅಲಗುಗಳು ಹೆಚ್ಚು ಬಳಕೆಯಲ್ಲಿವೆ; ಮಧ್ಯಮ ಗಾತ್ರದ ಟ್ರಕ್‌ಗಳಿಗೆ ಇನ್ನೂ ಕಿರಿದಾದವು ಸಾಕಾಗುತ್ತವೆ. ಅಲಗು ಅಗಲವಾದಷ್ಟೂ ತೂಕ ಏರುವುದರಿಂದ ಅಗತ್ಯಕ್ಕಿಂತ ಅಗಲವಾದ ಅಲಗಿನಿಂದ ಲಾಭವಿಲ್ಲ.

ಅಲಗಿನ ವಸ್ತು

ಅಲಗುಗಳನ್ನು ಬಣ್ಣ ಬಳಿದ ಉಕ್ಕು, ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕು ಅಥವಾ ಪಾಲಿಎಥಿಲೀನ್ ಪ್ಲಾಸ್ಟಿಕ್‌ನಿಂದ ತಯಾರಿಸಲಾಗುತ್ತದೆ. ಸಾದಾ ಉಕ್ಕು ಅಗ್ಗ, ಬೆಸುಗೆ ಹಾಕಿ ದುರಸ್ತಿ ಮಾಡಬಹುದು. ಆದರೆ ರಸ್ತೆಗೆ ಎರಚುವ ಉಪ್ಪಿನಿಂದ ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ತುಕ್ಕು ಹಿಡಿಯದು, ಒದ್ದೆ ಹಿಮ ಅದಕ್ಕೆ ಅಂಟಿಕೊಳ್ಳುವುದೂ ಕಡಿಮೆ. ಪ್ಲಾಸ್ಟಿಕ್ ಅಲಗು ಯಾವಾಗಲೂ ಹಗುರ ಎಂಬ ಭಾವನೆ ಸರಿಯಲ್ಲ. ಅದಕ್ಕೆ ಬೆನ್ನೆಲುಬಾಗಿ ಉಕ್ಕಿನ ಚೌಕಟ್ಟು ಬೇಕಾಗುವುದರಿಂದ ಒಟ್ಟು ತೂಕವನ್ನು ತಯಾರಕರ ಪಟ್ಟಿಯಲ್ಲಿ ನೋಡಿಯೇ ನಿರ್ಧರಿಸಬೇಕು.

ಅಂಚುಪಟ್ಟಿ ಉಕ್ಕಿನದಾದರೆ ಹಿಮವನ್ನು ಚೆನ್ನಾಗಿ ಕೆರೆಯುತ್ತದೆ. ರಬ್ಬರ್ ಅಥವಾ ಪಾಲಿಯುರೆಥೇನ್ ಪಟ್ಟಿಗಳು ಇಟ್ಟಿಗೆ ಹಾಸು, ಅಲಂಕಾರಿಕ ಕಾಂಕ್ರೀಟ್ ಮುಂತಾದ ನಾಜೂಕು ನೆಲಕ್ಕೆ ಸೂಕ್ತ. ಜಲ್ಲಿಕಲ್ಲಿನ ದಾರಿಯಲ್ಲಿ ಅಲಗು ಕಲ್ಲುಗಳನ್ನೂ ಬಾಚಿಕೊಳ್ಳದಂತೆ ಅದನ್ನು ನೆಲದಿಂದ ಸ್ವಲ್ಪ ಎತ್ತರದಲ್ಲಿ ಹಿಡಿದಿಡುವ ಲೋಹದ ಪಾದಗಳನ್ನು ಜೋಡಿಸಲಾಗುತ್ತದೆ.

ಅಡೆತಡೆಗೆ ಬಾಗುವ ವ್ಯವಸ್ಥೆ

ಹಿಮದ ಅಡಿಯಲ್ಲಿ ಮರೆಯಾದ ಕಲ್ಲಂಚು, ಮ್ಯಾನ್‌ಹೋಲ್ ಮುಚ್ಚಳ ಅಥವಾ ಮರದ ಬೇರಿಗೆ ಅಲಗು ಬಡಿದಾಗ ಆಘಾತವು ಟ್ರಕ್‌ನ ಚಾಸಿಗೆ ತಲುಪದಂತೆ ಸ್ಪ್ರಿಂಗ್‌ಗಳ ಏರ್ಪಾಡು ಇರುತ್ತದೆ. ಇದರಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಇಡೀ ಅಲಗು ಮುಂದಕ್ಕೆ ವಾಲಿ ಅಡ್ಡಿಯನ್ನು ದಾಟುತ್ತದೆ. ಆಗ ಮುಂದೆ ತುಂಬಿದ್ದ ಹಿಮ ಚೆಲ್ಲಿಹೋಗಬಹುದು. ಎರಡನೆಯದರಲ್ಲಿ ಅಲಗಿನ ತಳದ ಕಿರಿದಾದ ಭಾಗ ಮಾತ್ರ ಕೀಲಿನ ಮೇಲೆ ಹಿಂದಕ್ಕೆ ಮಡಿಯುತ್ತದೆ. ಹಿಮ ಚೆಲ್ಲುವುದಿಲ್ಲ, ಆದರೆ ಕೀಲಿಗಿಂತ ಎತ್ತರದ ಅಡ್ಡಿ ಎದುರಾದರೆ ರಕ್ಷಣೆ ಸಿಗದು.

ಜೋಡಣೆ ಮತ್ತು ವಿದ್ಯುತ್ ವ್ಯವಸ್ಥೆ

ಕೆಲವು ಟ್ರಕ್ ತಯಾರಕರು ಹಿಮನೇಗಿಲಿಗೆ ಸಿದ್ಧತೆಯ ವಿಶೇಷ ಆಯ್ಕೆಯನ್ನು ಒದಗಿಸುತ್ತಾರೆ. ಬಲವಾದ ಮುಂದಿನ ಸ್ಪ್ರಿಂಗ್‌ಗಳು ಮತ್ತು ಹೆಚ್ಚು ಸಾಮರ್ಥ್ಯದ ಆಲ್ಟರ್ನೇಟರ್ ಇದರಲ್ಲಿ ಸೇರಿರಬಹುದು. ಈ ಆಯ್ಕೆಯಿಲ್ಲದ ಟ್ರಕ್‌ಗೆ ನೇಗಿಲನ್ನು ಜೋಡಿಸಬಾರದೆಂದು ಮಾಲೀಕರ ಕೈಪಿಡಿಯಲ್ಲಿ ಸೂಚಿಸಿರಬಹುದು. ಅದನ್ನು ಕಡೆಗಣಿಸಿದರೆ ವಾರಂಟಿಯ ಪ್ರಶ್ನೆ ಏಳುತ್ತದೆ. ಏರ್‌ಬ್ಯಾಗ್ ಸಂವೇದಕಗಳು, ಮುಂಭಾಗದ ರೇಡಾರ್ ಮತ್ತು ಕ್ಯಾಮೆರಾಗಳ ಕಾರ್ಯಕ್ಕೆ ನೇಗಿಲು ಅಡ್ಡಿಯಾಗುತ್ತದೆಯೇ ಎಂಬುದನ್ನೂ ಪರಿಶೀಲಿಸಬೇಕು.

ಹೈಡ್ರಾಲಿಕ್ ಪಂಪು ಅಲ್ಪಾವಧಿಗೆ ನೂರು ಆಂಪಿಯರ್‌ಗೂ ಮೀರಿದ ವಿದ್ಯುತ್ತನ್ನು ಸೆಳೆಯಬಹುದು. ಚಳಿಯಲ್ಲಿ ಬ್ಯಾಟರಿಯ ಸಾಮರ್ಥ್ಯವೂ ಕುಗ್ಗುವುದರಿಂದ ಹಳೆಯ ಬ್ಯಾಟರಿಯಿದ್ದರೆ ಅಲಗು ನಿಧಾನವಾಗಿ ಏಳುತ್ತದೆ, ದೀಪಗಳು ಮಂಕಾಗುತ್ತವೆ.

ಬಳಸಿದ ನೇಗಿಲನ್ನು ಕೊಳ್ಳುವಾಗ ಅಲಗು ಅಗ್ಗವಾಗಿ ದೊರೆತರೂ ಆಧಾರ ಮತ್ತು ವೈರಿಂಗ್ ಬೇರೆ ಟ್ರಕ್‌ಗೆ ಹೊಂದದೆ ಹೋಗಬಹುದು. ಅವನ್ನು ಹೊಸದಾಗಿ ಕೊಳ್ಳುವ ವೆಚ್ಚವನ್ನು ಬೆಲೆಗೆ ಸೇರಿಸಿ ನೋಡಬೇಕು. ಬೆಸುಗೆಯ ಬಿರುಕು, ಸಿಲಿಂಡರಿನ ಸೋರಿಕೆ ಮತ್ತು ಸವೆದ ಪಿನ್ನುಗಳು ಮೊದಲು ಪರೀಕ್ಷಿಸಬೇಕಾದ ಅಂಶಗಳು.

ಹಿಮದ ಸ್ವರೂಪ

ಹೊಸದಾಗಿ ಬಿದ್ದ ಒಣ ಹಿಮದ ಸಾಂದ್ರತೆ ಸಾಮಾನ್ಯವಾಗಿ ಘನ ಮೀಟರಿಗೆ 50ರಿಂದ 100 ಕಿ.ಗ್ರಾಂ. ಇರುತ್ತದೆ. ಒದ್ದೆಯಾಗಿ ಕುಸಿದ ಹಿಮದಲ್ಲಿ ಅದು 300 ಕಿ.ಗ್ರಾಂ. ಮುಟ್ಟಬಹುದು. ಮನೆಯಿಂದ ರಸ್ತೆಯವರೆಗಿನ, ಡ್ರೈವ್‌ವೇ ಎಂದು ಕರೆಯುವ ದಾರಿ 30 ಮೀ. ಉದ್ದ, 4 ಮೀ. ಅಗಲವಿದ್ದು ಅದರ ಮೇಲೆ 15 ಸೆಂ.ಮೀ. ಹಿಮ ಬಿದ್ದಿದ್ದರೆ ಅದರ ಗಾತ್ರ 18 ಘನ ಮೀಟರ್. ಘನ ಮೀಟರಿಗೆ 100 ಕಿ.ಗ್ರಾಂ. ಇದ್ದರೆ ತೂಕ 1.8 ಟನ್, 300 ಕಿ.ಗ್ರಾಂ. ಇದ್ದರೆ 5.4 ಟನ್. ಅದೇ ಅಂಗಳ, ಅದೇ ಆಳದ ಹಿಮವಾದರೂ ಕೆಲಸ ಮೂರು ಪಟ್ಟಾಗುತ್ತದೆ. ಆದ್ದರಿಂದ ಒದ್ದೆ ಹಿಮ ಹೆಚ್ಚು ಬೀಳುವ ಪ್ರದೇಶಗಳಲ್ಲಿ ಲಘು ಟ್ರಕ್‌ನ ಚಾಲಕರು ಹಿಮಪಾತ ಮುಗಿಯುವವರೆಗೆ ಕಾಯದೆ, ತೆಳುವಾಗಿರುವಾಗಲೇ ಹಲವು ಬಾರಿ ತೆರವು ಮಾಡುವುದು ಒಳ್ಳೆಯದು.

ನಾಲ್ಕು ಚಕ್ರ ಚಾಲನೆ ಮತ್ತು ಚಳಿಗಾಲದ ಟೈರುಗಳಿದ್ದರೆ ತಳ್ಳುವ ಬಲ ಗಣನೀಯವಾಗಿ ಹೆಚ್ಚುತ್ತದೆ. ದಿನವೂ ಅನೇಕ ಆವರಣಗಳನ್ನು ತೆರವು ಮಾಡುವ ವೃತ್ತಿಗೆ ಲಘು ಟ್ರಕ್ ಹೊಂದುವುದಿಲ್ಲ. ಅಂತಹ ಕೆಲಸಕ್ಕೆ ಹೆಚ್ಚಿನ ಭಾರಮಿತಿಯ ಟ್ರಕ್‌ಗಳನ್ನು ಬಳಸಲಾಗುತ್ತದೆ.

ಬಳಕೆ ಮತ್ತು ಸುರಕ್ಷತೆ

• ಹಿಮಪಾತದ ಋತುವಿಗೆ ಮೊದಲೇ ದಾರಿಯ ಅಂಚು, ಹೂಪಾತಿ ಮತ್ತು ಕಲ್ಲುಗಳ ಬಳಿ ಗುರುತಿನ ಕಡ್ಡಿಗಳನ್ನು ನೆಡಬೇಕು.
• ಋತುವಿನ ಮೊದಲ ಹಿಮವನ್ನು ಅಂಚಿನಿಂದ ಸಾಕಷ್ಟು ದೂರ ತಳ್ಳಬೇಕು. ಪಕ್ಕದ ದಿಬ್ಬಗಳು ಹೆಪ್ಪುಗಟ್ಟಿದ ಮೇಲೆ ಅವನ್ನು ಸರಿಸಲು ಲಘು ಟ್ರಕ್‌ಗೆ ಸಾಧ್ಯವಾಗದೆ ದಾರಿ ದಿನೇ ದಿನೇ ಕಿರಿದಾಗುತ್ತದೆ.
• ತಳ್ಳುವಾಗ ನಿಧಾನ ವೇಗ ಅಗತ್ಯ. ವೇಗದಿಂದ ನುಗ್ಗಿ ಹಿಮರಾಶಿಗೆ ಗುದ್ದುವುದು ಚಾಸಿಗೂ ಚಾಲಕನಿಗೂ ಅಪಾಯಕಾರಿ.
• ಹಿಂದಕ್ಕೂ ಮುಂದಕ್ಕೂ ಗೇರ್ ಬದಲಿಸುವ ಮೊದಲು ಟ್ರಕ್ ಪೂರ್ತಿ ನಿಲ್ಲಬೇಕು. ಇಲ್ಲವಾದರೆ ಟ್ರಾನ್ಸ್‌ಮಿಷನ್ ಬಿಸಿಯೇರಿ ಕೆಡುತ್ತದೆ.
• ಎತ್ತಿದ ಅಲಗು ರೇಡಿಯೇಟರ್‌ಗೆ ಗಾಳಿ ತಲುಪುವುದನ್ನು ತಡೆಯುತ್ತದೆ. ಸಾಗಿಸುವಾಗ ತಾಪಮಾನ ಸೂಚಕವನ್ನು ಗಮನಿಸಿ ಅಲಗಿನ ಎತ್ತರ ಮತ್ತು ಓರೆಯನ್ನು ಹೊಂದಿಸಬೇಕು.
• ಎತ್ತಿ ನಿಲ್ಲಿಸಿದ ಅಲಗಿನ ಅಡಿಯಲ್ಲಿ ಕೈಕಾಲು ಇಡಬಾರದು. ಹೈಡ್ರಾಲಿಕ್ ಸೋರಿಕೆಯನ್ನು ಬರಿಗೈಯಿಂದ ಮುಟ್ಟಿ ಪತ್ತೆಹಚ್ಚಬಾರದು. ಒತ್ತಡದಲ್ಲಿರುವ ಎಣ್ಣೆ ಚರ್ಮವನ್ನು ಭೇದಿಸಬಲ್ಲದು.
• ಎಂಜಿನ್ ಚಾಲನೆಯಲ್ಲಿರುವಾಗ ಹೊಗೆಕೊಳವೆ ಹಿಮದಿಂದ ಮುಚ್ಚಿಹೋದರೆ ಕ್ಯಾಬಿನ್ನಿನೊಳಗೆ ಕಾರ್ಬನ್ ಮಾನಾಕ್ಸೈಡ್ ಸೇರಿ ಪ್ರಾಣಾಪಾಯವಾಗಬಹುದು.
• ಹಿಮರಾಶಿಗಳಲ್ಲಿ ಮಕ್ಕಳು ಆಟವಾಡುತ್ತಿರಬಹುದಾದ್ದರಿಂದ ತಳ್ಳುವ ಮತ್ತು ಹಿಂದಕ್ಕೆ ಬರುವ ಮೊದಲು ಸುತ್ತ ನೋಡುವುದು ಕಡ್ಡಾಯ.

ಕಾನೂನು

ಖಾಸಗಿ ಆವರಣದ ಹಿಮವನ್ನು ಸಾರ್ವಜನಿಕ ರಸ್ತೆಗೆ ತಳ್ಳುವುದನ್ನು ಹಲವೆಡೆ ನಿಷೇಧಿಸಲಾಗಿದೆ. ಅಮೆರಿಕದ ಮಿಶಿಗನ್ ರಾಜ್ಯ ಮತ್ತು ಕೆನಡಾದ ಒಂಟಾರಿಯೊ ಪ್ರಾಂತ್ಯದ ಸಂಚಾರ ಕಾನೂನುಗಳಲ್ಲಿ ಇಂತಹ ನಿಯಮಗಳಿವೆ. ನೇಗಿಲಿನ ದೀಪಗಳು ಮತ್ತು ಅಗಲಕ್ಕೆ ಸಂಬಂಧಿಸಿದ ನಿಯಮಗಳು ಸ್ಥಳದಿಂದ ಸ್ಥಳಕ್ಕೆ ಬದಲಾಗುತ್ತವೆ. ಹಣ ಪಡೆದು ಇತರರ ಆವರಣವನ್ನು ತೆರವು ಮಾಡುವವರಿಗೆ ವೈಯಕ್ತಿಕ ವಾಹನ ವಿಮೆಯ ರಕ್ಷಣೆ ಅನ್ವಯಿಸದೆ ಹೋಗಬಹುದು.

ಪರ್ಯಾಯಗಳು

ಆಕ್ಸಲ್‌ನ ಉಳಿಕೆ ಸಾಮರ್ಥ್ಯ ಯಾವ ನೇಗಿಲಿಗೂ ಸಾಲದಿದ್ದರೆ ಕೈಯಿಂದ ನಡೆಸುವ ಹಿಮ ಎಸೆಯುವ ಯಂತ್ರ, ಸಣ್ಣ ಟ್ರ್ಯಾಕ್ಟರ್, ಅಲಗು ಜೋಡಿಸಿದ ಎ.ಟಿ.ವಿ. ಅಥವಾ ಗುತ್ತಿಗೆದಾರರ ಸೇವೆ ಉಳಿದ ಮಾರ್ಗಗಳು. ಹಿಮ ಎಸೆಯುವ ಯಂತ್ರವು ಹಿಮವನ್ನು ದೂರಕ್ಕೆ ಚಿಮ್ಮಿಸುವುದರಿಂದ ರಾಶಿ ಹಾಕಲು ಜಾಗವಿಲ್ಲದ ಕಡೆ ನೇಗಿಲಿಗಿಂತ ಅನುಕೂಲಕರ.

ಹಲವು ಮೀಟರ್ ಆಳದ ಹಿಮವಿರುವ ಪರ್ವತ ಮಾರ್ಗಗಳಲ್ಲಿ ಪಿಕಪ್ ಟ್ರಕ್‌ನ ನೇಗಿಲು ಉಪಯೋಗಕ್ಕೆ ಬಾರದು. ಭಾರತದ ಜೋಜಿ ಲಾ, ರೋಹ್ತಾಂಗ್ ಮುಂತಾದ ಕಣಿವೆ ಮಾರ್ಗಗಳಲ್ಲಿ 1960ರಲ್ಲಿ ಸ್ಥಾಪನೆಯಾದ ಗಡಿ ರಸ್ತೆಗಳ ಸಂಸ್ಥೆಯು ಬುಲ್‌ಡೋಜರ್‌ಗಳನ್ನೂ ಹಿಮವನ್ನು ಕತ್ತರಿಸಿ ಎಸೆಯುವ ಭಾರಿ ಯಂತ್ರಗಳನ್ನೂ ಬಳಸುತ್ತದೆ.

ಇವನ್ನೂ ನೋಡಿ

• ಹಿಮಪಾತ
• ಪಿಕಪ್ ಟ್ರಕ್
• ಸನ್ನೆ
• ಹೈಡ್ರಾಲಿಕ್ ಯಂತ್ರಗಳು
• ಗಡಿ ರಸ್ತೆಗಳ ಸಂಸ್ಥೆ